ಗಾತ್ರದಂತೆ ಜೋಡಿಸಿದ ಕಲ್ಲುಗಳು

ಅಜ್ಜಂಪುರ,
ಬುಧವಾರ, ೧೬-೨-೧೯೧೬

ಮಾತೃಸಮಾನರಾದ ಅಕ್ಕಯ್ಯನವರಿಗೆ ನಮಸ್ಕಾರಗಳು.

ಇಲ್ಲಿ ಹೊಸ ರಸ್ತೆ ಹಾಯುವ ದಿಬ್ಬದಲ್ಲಿ ಅತಿ ಪ್ರಾಚೀನ ಜನರು ಬೀಡುಬಿಟ್ಟಿದ್ದರೇ ಎಂದು ಪರೀಕ್ಷಿಸಲು ಸರ್ಕಾರದ ಅಧಿಕಾರಿಗಳು ಗುಂಡಿಗಳನ್ನು ತೋಡಿಸುತ್ತಿದ್ದಾರೆ. ನಾನು ಅಲ್ಲಿ ಗುಮಾಸ್ತೆ; ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆನೆಂದು ಕೂಲಿಯವರು ಈಗಲೂ ಮೇಷ್ಟ್ರೆಂದೇ ಕರೆಯುತ್ತಾರೆ. ಸಿಕ್ಕಿದ ಬೆಣಚುಕಲ್ಲಿನ ಅಲಗುಗಳು ಇಂದಿಗೂ ಬೆರಳನ್ನು ಕೊಯ್ಯುತ್ತವೆ. ಯಾವುದು ಯಾವ ಗುಂಡಿಯದೆಂದು ತಿಳಿಯುವಂತೆ ಕೂಲಿಯ ಕೆಂಚಮ್ಮನು ಅವುಗಳನ್ನು ಬೇರೆಬೇರೆ ಮಂಕರಿಗಳಲ್ಲಿ ಇಟ್ಟಿದ್ದಳು. ನನಗೆ ಅದು ಅಸ್ತವ್ಯಸ್ತವಾಗಿ ಕಂಡಿತು. ಮೊನ್ನೆ ಎಲ್ಲವನ್ನೂ ಒಟ್ಟಿಗೆ ಸುರಿದು, ಗಾತ್ರಕ್ಕನುಸಾರವಾಗಿ ಸಾಲಾಗಿ ಜೋಡಿಸಿದೆನು.

"ಬ್ಯಾಡಿ ಮೇಷ್ಟ್ರೇ, ಎಲ್ಲಾ ಬೆರ್ಕೆ ಆಗೋಯ್ತವೆ" ಎಂದಳು. ಗದರಿಸಿದೆನು.

ಸಂಜೆ ಅಧಿಕಾರಿಗಳು, "ಇದು ಯಾರ ಕೆಲಸ?" ಎಂದು ಕೂಗಿದಾಗ ನಾನು ಬಾಯಿ ಬಿಡಲಿಲ್ಲ. ಮಂಕರಿಗಳ ಹೊಣೆ ಅವಳದೆಂದು ಅವಳನ್ನೇ ಕೆಲಸದಿಂದ ಬಿಡಿಸಿದರು. ಹೊರಡುವಾಗ ನನ್ನ ಮುಂದೆ ನಿಂತು, "ಇಸ್ಕೂಲ್ನಾಗೆ ಹಿಂಗ್ ಸುಮ್ಕೆ ನಿಂತಿದ್ದೋರ್ಗೆ ಏನ್ ಶಿಕ್ಷೆ ಕೊಡ್ತಿದ್ರಿ, ಮೇಷ್ಟ್ರೇ?" ಎಂದು ಕೇಳಿದಳು.

ಈ ಬೆಳಿಗ್ಗೆ ಅಧಿಕಾರಿಗಳಿಗೆ ನಿಜವನ್ನು ತಿಳಿಸಿದೆನು. ಅವಳನ್ನು ಮರಳಿ ಕರೆಸಿಕೊಂಡರು, ನನ್ನನ್ನು ಹೋಗೆಂದರು. ಆ ಕಲ್ಲುಗಳು ಯಾವ ಗುಂಡಿಯವೆಂಬುದನ್ನು ಇನ್ನು ಯಾರೂ ಹೇಳಲಾರರು.

ಶನಿವಾರದ ರೈಲಿಗೆ ಊರಿಗೆ ಬರುತ್ತೇನೆ. ನನ್ನ ಆರೋಗ್ಯ ಚೆನ್ನಾಗಿದೆ. ಇಷ್ಟು ಬೇಗ ಬಂದದ್ದೇಕೆಂದು ಕೇಳಿದವರಿಗೆ ದಯವಿಟ್ಟು ಕಾಯಿಲೆಯೆಂದು ಹೇಳಬೇಡಿರಿ.

ಟಪಾಲು ಹೊರಡುವ ಹೊತ್ತಾಯಿತು.

ನಿಮ್ಮ ತಮ್ಮ,
ಶ್ರೀಕಂಠಯ್ಯ