ಇಸ್ತ್ರಿ ಮಾಡಿದ ರಸೀದಿ

ಫೆಬ್ರುವರಿ ೧೬, ಭಾನುವಾರ ಮಧ್ಯಾಹ್ನ

ನನ್ನ ಚೂಟಿಗೆ,

ನಿನ್ನೆ ಬೆಳಗಿನ ಜಾವ ಮತ್ತೆ ಅದೇ ಕೆಟ್ಟ ಕನಸು. ಯಾರಿಗಾದರೂ ಹೇಳಿಬಿಟ್ಟರೆ ಕಾಟ ಕಳೆಯುತ್ತದಂತೆ, ಅದಕ್ಕೇ ಕ್ಷೇಮ ಸಮಾಚಾರಕ್ಕಿಂತ ಮೊದಲು ಅದನ್ನೇ ಬರೆಯುತ್ತಿದ್ದೇನೆ. ಭತ್ಯೆ ಆಫೀಸಿನ ಬೆಂಚಿನ ಮೇಲೆ ಕೂತಿದ್ದೇನೆ. ಕೈಯಲ್ಲಿ ನಲವತ್ತೊಂದನೇ ನಂಬರಿನ ಚೀಟಿ. ಗೋಡೆಯ ಮೇಲಿನ ಕೆಂಪು ಅಂಕಿ ನಲವತ್ತು ತೋರಿಸಿತು, ಆಮೇಲೆ ನೇರ ನಲವತ್ತೆರಡಕ್ಕೆ ಹಾರಿತು. ನಾನು ಎದ್ದು ನಿಂತು ನನ್ನದು ನನ್ನದು ಎನ್ನುತ್ತೇನೆ, ಗಂಟಲಿನಿಂದ ದನಿಯೇ ಬರುವುದಿಲ್ಲ. ಎಚ್ಚರವಾದಾಗ ಹೊದಿಕೆಯ ಅಂಚನ್ನು ಚೀಟಿಯ ಹಾಗೆ ಮಡಚಿ ಹಿಡಿದಿದ್ದೆ. ನಿನ್ನಜ್ಜಿಗೆ ಹೇಳಿದರೆ, "ಎಚ್ಚರದಾಗ ಕ್ಯೂ ನಿಂತಿದ್ದು ಸಾಲದು ಅಂತ ನಿದ್ದೆಲೂ ನಿಲ್ತೀಯ. ಅಲ್ಲೇ ಒಂದು ಹಾಸಿಗೆ ಹಾಕಿಸ್ಕೊ ಹೋಗು" ಅಂದಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯ ಎಂದುಕೊಂಡೇ ಬರೆಯುತ್ತಿದ್ದೇನೆ, ಹಾಗೆ ಅಂದುಕೊಳ್ಳದಿದ್ದರೆ ನನ್ನ ಅಕ್ಷರ ಸೊಟ್ಟಗಾಗುತ್ತದೆ. ನಿನ್ನ ಕಾಗದ ಬಂದು ಮೂರು ವಾರವಾದರೂ ಉತ್ತರ ಹಾಕಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಆಫೀಸಿನ ತಕರಾರು ಒಂದು ದಡ ಸೇರಲಿ, ಅರ್ಧ ಸುದ್ದಿ ಬರೆದು ನಿನ್ನನ್ನು ಯಾಕೆ ಹೆದರಿಸಲಿ ಎಂದು ಸುಮ್ಮನಿದ್ದೆ. ಈಗ ದಡ ಸೇರಿದೆ, ಧೈರ್ಯವಾಗಿ ಓದು.

ನಿನಗೆ ಗೊತ್ತಿರುವುದನ್ನೇ ಇನ್ನೊಂದು ಸಲ ಬರೆಯುತ್ತೇನೆ. ಬರೆದರೆ ನನಗೆ ಲೆಕ್ಕ ಗಟ್ಟಿಯಾಗುತ್ತದೆ. ಓದುವ ಮಕ್ಕಳಿರುವ ಮನೆಗೆ ಸರ್ಕಾರ ಕೊಡುವ ಭತ್ಯೆ ನೀನು ಕಾಲೇಜು ಬಿಟ್ಟ ಮೇಲೂ ಏಳು ತಿಂಗಳು ನನ್ನ ಖಾತೆಗೆ ಬಂತು. ನೀನು ದಿನಾ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಲಿಫ್ಟ್ ರಿಪೇರಿಯವರ ಶೆಡ್ಡಿಗೆ ಹೋಗುತ್ತಿದ್ದೆ. ನಾನು ಕಾಲೇಜಿಗೆ ಎಂದುಕೊಂಡು ಬುತ್ತಿ ಕಟ್ಟಿ ಕಳಿಸುತ್ತಿದ್ದೆ. ಆಗಸ್ಟ್ ಕೊನೆಗೇ ನಿಮ್ಮ ಮಗಳು ಓದು ನಿಲ್ಲಿಸಿದ್ದಾಳೆ, ಹೆಚ್ಚು ಬಂದದ್ದನ್ನು ವಾಪಸು ಕಟ್ಟಿ ಎಂದು ಏಪ್ರಿಲ್‌ನಲ್ಲಿ ಆಫೀಸಿನ ಕಾಗದ ಬಂದಾಗಲೇ ನನಗೆ ಗೊತ್ತಾದದ್ದು. ತಿಂಗಳಿಗೆ ಅರ್ಧ ಭತ್ಯೆಯಂತೆ ಹದಿನಾಲ್ಕು ಕಂತು ಮಾಡಿಸಿಕೊಂಡೆ. ಆ ಜಗಳವೆಲ್ಲ ಆಗಿಹೋಯಿತು, ನೀನು ಅತ್ತದ್ದೂ ಆಯಿತು, ನಾನು ಬೈದದ್ದೂ ಆಯಿತು. ಈಗ ಹತ್ತು ಕಂತು ಕಟ್ಟಿದ್ದೇನೆ.

ಆದರೆ ಜನವರಿ ಕೊನೆಗೆ ಒಂದು ನೋಟೀಸು ಬಂತು. ಎಂಟನೇ ಕಂತು, ಅಂದರೆ ಡಿಸೆಂಬರಿನದು, ಬಂದಿಲ್ಲವಂತೆ. ತಪ್ಪಿದ ಕಂತಿಗೆ ಸಮಜಾಯಿಷಿ ಕೊಡದಿದ್ದರೆ ಕಂತಿನ ಸೌಲಭ್ಯವೇ ರದ್ದು, ಉಳಿದದ್ದನ್ನೆಲ್ಲ ಒಂದೇ ಸಲ ಕಟ್ಟಬೇಕು ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು. ಆ ಸಾಲನ್ನು ಎಷ್ಟು ಸಲ ಓದಿದೆನೋ ನನಗೇ ತಿಳಿಯದು. ಓದಿದಷ್ಟೂ ಅದು ಇನ್ನೂ ದಪ್ಪವಾಗುತ್ತಿತ್ತು.

ನನ್ನ ಹತ್ತಿರ ರಸೀದಿ ಇತ್ತು. ಬೀರುವಿನ ಬಾಗಿಲ ಒಳಗಡೆ ಹಳೇ ಟವೆಲ್ ಇಳಿಬಿಟ್ಟು, ರಸೀದಿಗಳನ್ನೆಲ್ಲ ಸಾಲಾಗಿ ಪಿನ್ನು ಹಾಕಿ ಸಿಕ್ಕಿಸಿದ್ದೇನೆ. ಸಂಜೆ ಬಂದು ಬೀರು ತೆಗೆದರೆ ಎಲ್ಲ ಎದುರಿಗೇ ಕಾಣಬೇಕು, ಇಲ್ಲದಿದ್ದರೆ ಊಟ ಸೇರುವುದಿಲ್ಲ. ಆದರೆ ಆ ಎಂಟನೆಯದಕ್ಕೆ ನಾನೇ ಒಂದು ಗತಿ ಕಾಣಿಸಿದ್ದೆ. ನಿನಗೆ ಈ ತನಕ ಬರೆದಿರಲಿಲ್ಲ, ನಗುತ್ತೀಯ ಎಂದು.

ಡಿಸೆಂಬರಿನಲ್ಲಿ ಊಟದ ಬಿಡುವಿನಲ್ಲಿ ಓಡಿಹೋಗಿ ದುಡ್ಡು ಕಟ್ಟಿ, ರಸೀದಿಯನ್ನು ಮುಷ್ಟಿಯಲ್ಲೇ ಹಿಡಿದು ಲಾಂಡ್ರಿಗೆ ವಾಪಸು ಬಂದೆ. ಬೆವರಿಗೆ ಅದು ಮುದ್ದೆಯಾಗಿತ್ತು. ಇಪ್ಪತ್ತು ವರ್ಷದಿಂದ ಊರವರ ಹಾಸಿಗೆ ಬಟ್ಟೆಯ ಸುಕ್ಕು ತೆಗೆದ ಕೈ ಸುಮ್ಮನಿರುತ್ತದೆಯೇ. ಮೇಜಿನ ಮೇಲೆ ಹರಡಿ, ಹದವಾಗಿ ಒಂದು ಸಲ ಇಸ್ತ್ರಿಪೆಟ್ಟಿಗೆ ಎಳೆದೆ. ಬಿಸಿ ತಾಗಿದ್ದೇ ತಡ, ರಸೀದಿ ಅಮಾವಾಸ್ಯೆಯಾಯಿತು. ಒಂದು ಅಕ್ಷರ ಬಿಡದೆ ಎಲ್ಲ ಕಪ್ಪು. ಪಕ್ಕದಲ್ಲಿ ಬಟ್ಟೆ ಮಡಚುವ ದೊಡ್ಡಕ್ಕ ಬಗ್ಗಿ ನೋಡಿದಳು.

"ಏನೇ ಅದು, ಸುಟ್ಯಾ?"

"ಸುಟ್ಟಿಲ್ಲಕ್ಕ, ವಾಸನೆ ಬಂತಾ? ತಾನೇ ಕಪ್ಪಾಯ್ತು."

"ಕಲೆ ತೆಗಿಯೋಕೆ ಹೋಗಿ ಬಟ್ಟೆನೇ ತೆಗೆದಳಂತೆ. ಸುಕ್ಕು ಇದ್ರೆ ಸರ್ಕಾರ ದುಡ್ಡು ಬೇಡ ಅಂತಿತ್ತಾ?"

ಆ ಕಪ್ಪು ಚೀಟಿಯನ್ನೇ ತಂದು ಏಳನೆಯದರ ಪಕ್ಕ ಸಿಕ್ಕಿಸಿದ್ದೆ. ಏನೂ ಆಗುವುದಿಲ್ಲ ಬಿಡು, ಆಫೀಸಿನಲ್ಲಿ ಬರೆದಿಟ್ಟಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ತಕರಾರು ಬರಬೇಕಾದರೆ ಹತ್ತರಲ್ಲಿ ಅದಕ್ಕೇ ಬರಬೇಕೆ. ಹಲ್ಲು ನೋವಿರುವ ಕಡೆಗೇ ಕಲ್ಲು ಸಿಕ್ಕುವುದು ಎನ್ನುವ ಹಾಗಾಯಿತು.

ಒಂದು ವಾರ ಹೆದರಿಕೊಂಡೇ ಕಳೆದೆ. ಆಮೇಲೆ, ಹೇಗೂ ಹೆದರುವುದೇ ಆದರೆ ಹೋಗಿ ಅಲ್ಲೇ ಹೆದರೋಣ ಎಂದು ಅರ್ಧ ದಿನ ರಜೆ ಹಾಕಿ ಹೊರಟೆ. ಹಳೇ ಪೆಟ್ಟಿಗೆ ಬಿಚ್ಚಿ ನೋಟೀಸು, ಒಪ್ಪಂದದ ಕಾಗದ, ಭತ್ಯೆಯ ಹಳೇ ಪುಸ್ತಕ ಎಲ್ಲ ತೆಗೆದೆ. ಟವೆಲ್ಲನ್ನು ಪಿನ್ನುಗಳ ಸಮೇತ ಸುತ್ತಿ ಚೀಲದಲ್ಲಿ ಹಾಕಿಕೊಂಡೆ. ನಿನ್ನಜ್ಜಿ ಬಾಗಿಲಲ್ಲಿ ನಿಂತು, "ಬೀರುನೂ ಹೊತ್ಕೊಂಡು ಹೋಗಿಬಿಡು, ಸಾಕ್ಷಿಗೆ" ಎಂದಳು.

ಮೂರನೇ ಕಿಟಕಿ ಸಿಕ್ಕಿತು. ಅಲ್ಲಿದ್ದವನು ನಿನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು, ಅಂಗಿಯ ಕಾಲರು ಮಾತ್ರ ಅಡ್ಡಾದಿಡ್ಡಿ. ಬಾಯಿಗೆ ಬಂದಿತ್ತು, ತಡೆದುಕೊಂಡೆ. ಟವೆಲ್ ಬಿಚ್ಚಿ ಕಿಟಕಿಯ ಹಲಗೆಯ ಮೇಲೆ ಹರಡಿದೆ. ಅವನು ಎಂಟನೆಯದನ್ನು ಹಿಡಿದು ಬೆಳಕಿಗೆ ಎತ್ತಿ ನೋಡಿದ.

"ಏನಮ್ಮ ಇದು?"

"ರಸೀದಿ ಸಾರ್. ನೀವೇ ಕೊಟ್ಟಿದ್ದು."

"ನಾವು ಬಿಳೀದು ಕೊಡ್ತೀವಿ."

"ಬಿಳೀದೇ ಕೊಟ್ಟಿದ್ರಿ. ನಾನು ಇಸ್ತ್ರಿ ಮಾಡ್ದೆ."

ಅವನು ಚೀಟಿಯನ್ನು ಹಲಗೆಯ ಮೇಲಿಟ್ಟ. "ರಸೀದಿಗೆ?"

"ಸುಕ್ಕಾಗಿತ್ತು."

ನಗಬಾರದು ಎಂದು ತುಟಿ ಕಚ್ಚಿಕೊಂಡ, ಆದರೆ ಹೆಗಲು ಅಲುಗಿತು. ಆಮೇಲೆ ಒಳ್ಳೆಯ ಮಾತಿನಲ್ಲಿ ಹೇಳಿದ, "ಇದರಲ್ಲಿ ಶಾಯಿನೇ ಇಲ್ಲಮ್ಮ. ಬಿಸಿಗೆ ಕಪ್ಪಾಗೋ ಕಾಗದ. ಅಕ್ಷರ ಎಲ್ಲಿ ಬೇಕೋ ಅಲ್ಲಿ ಮಾತ್ರ ನಮ್ಮ ಯಂತ್ರ ಬಿಸಿ ಮುಟ್ಟಿಸುತ್ತೆ. ನೀವು ಎಲ್ಲಾ ಕಡೆ ಮುಟ್ಟಿಸಿದೀರ."

"ಹಂಗಾದ್ರೆ ನಾನು ಜಾಸ್ತಿನೇ ಬರೆದ ಹಾಗಾಯ್ತಲ್ಲ ಸಾರ್" ಎಂದೆ. ಎಲ್ಲಿಂದ ಧೈರ್ಯ ಬಂತೋ ಕಾಣೆ. ಈಗ ಅವನು ಬಾಯಿ ಬಿಟ್ಟೇ ನಕ್ಕ. ನಕ್ಕ ಮೇಲೆ ಮನುಷ್ಯರು ಸ್ವಲ್ಪ ಹತ್ತಿರ ಬರುತ್ತಾರೆ. ಯಾವ ದಿನ ಕಟ್ಟಿದ್ದು, ದುಡ್ಡು ಕಟ್ಟುವ ಚೀಟಿಯಲ್ಲಿ ಯಾವ ಖಾತೆ ನಂಬರು ಬರೆದಿದ್ದು ಎಂದು ಕೇಳಿದ. ಡಿಸೆಂಬರ್ ಎರಡನೇ ಸೋಮವಾರ ಎಂದೆ. ನಂಬರು ಎಂದಾಗ ಭತ್ಯೆಯ ಹಳೇ ಪುಸ್ತಕ ತೋರಿಸಿದೆ. ಅಲ್ಲೇ ಇತ್ತು ನೋಡು ತಪ್ಪು. ವಾಪಸು ಕಟ್ಟುವುದಕ್ಕೆ ಬೇರೆ ನಂಬರು, ನಾನು ಆವತ್ತಿನ ಅವಸರದಲ್ಲಿ ಭತ್ಯೆ ಬರುತ್ತಿದ್ದ ಹಳೇ ನಂಬರು ಬರೆದುಬಿಟ್ಟಿದ್ದೆ. ದುಡ್ಡು ಮುಚ್ಚಿಹೋದ ಖಾತೆಗೆ ಹೋಗಿ ಎರಡು ತಿಂಗಳಿಂದ ಅನಾಥವಾಗಿ ಕೂತಿತ್ತು.

ಅದನ್ನು ಹುಡುಕಿ ಈ ಕಡೆ ಹಾಕಿದ. "ಆಯ್ತಮ್ಮ, ಹೋಗಿ ಬನ್ನಿ" ಎಂದ. ನಾನು ಕದಲಲಿಲ್ಲ. "ಬಾಯಿ ಮಾತಲ್ಲಿ ಬೇಡ ಸಾರ್. ಹತ್ತು ಕಂತೂ ಬಂದಿದೆ ಅಂತ ಪಟ್ಟಿ ಕೊಡಿ, ಮುದ್ರೆ ಒತ್ತಿ ಕೊಡಿ" ಎಂದೆ. ಕೊಟ್ಟ. "ಇದಕ್ಕೆ ಇಸ್ತ್ರಿ ಮಾಡಬಹುದು, ಇದು ಬೇರೆ ಕಾಗದ" ಎಂದೂ ಹೇಳಿದ. ಮಾಡಲಿಲ್ಲ. ಬರುವ ದಾರಿಯಲ್ಲೇ ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಮಾಡಿಸಿದೆ. ಒಂದು ಬೀರುವಿನಲ್ಲಿ, ಒಂದು ದೊಡ್ಡಕ್ಕನ ಮನೆಯಲ್ಲಿ. ನಮ್ಮ ಮನೆಗೆ ಬೆಂಕಿ ಬಿದ್ದರೆ ಅವಳ ಮನೆಯಲ್ಲಿರುತ್ತದೆ. ಇಬ್ಬರ ಮನೆಗೂ ಬಿದ್ದರೆ ಏನು ಮಾಡುವುದೆಂದು ಇನ್ನೂ ಯೋಚಿಸುತ್ತಿದ್ದೇನೆ.

ಇನ್ನೊಂದು ವಿಷಯ. ಅವನೇ ಕಂಪ್ಯೂಟರಿನ ಪರದೆ ನೋಡುತ್ತಾ ಕೇಳಿದ, "ಮಗಳು ಆಗಸ್ಟ್ ಕೊನೆಗೇ ಬಿಟ್ಟಿದ್ದು ಖಾತ್ರಿನಾ? ಕಾಲೇಜಿನವರು ಅಂದಾಜಿಗೆ ಬರೆದ ಹಾಗಿದೆ. ಸೆಪ್ಟೆಂಬರಲ್ಲಿ ಒಂದು ದಿನ ಕ್ಲಾಸಿಗೆ ಹೋಗಿದ್ರೂ ಆ ತಿಂಗಳ ಭತ್ಯೆ ನಿಮ್ಮದೇ. ಎರಡು ಕಂತು ಕಡಿಮೆಯಾಗುತ್ತೆ." ಮಗಳನ್ನೇ ಕೇಳಿ ಹೇಳುತ್ತೇನೆ ಎಂದು ಬಂದೆ. ನಿನ್ನ ಹತ್ತಿರ ಆ ತಿಂಗಳಿನ ಹಾಜರಿಯದೋ ಫೀಸಿನದೋ ಏನಾದರೂ ಕಾಗದವಿದ್ದರೆ ಕಳಿಸು. ಇಲ್ಲದಿದ್ದರೆ ಬಿಡು. ಗೆಳತಿಯರ ಕೈಯಲ್ಲಿ ಬರೆಸಿ ಗಿರೆಸಿ ಕಳಿಸಬೇಡ. ನಾಲ್ಕಾದರೂ ಕಟ್ಟುತ್ತೇನೆ, ಎರಡಾದರೂ ಕಟ್ಟುತ್ತೇನೆ. ಕೈಗೆ ಅಭ್ಯಾಸವಾಗಿದೆ.

ಉಳಿದದ್ದನ್ನೆಲ್ಲ ಒಟ್ಟಿಗೆ ನಾನೇ ಕಳಿಸುತ್ತೇನೆ ಎಂದು ಬರೆದಿದ್ದೀಯಲ್ಲ, ಅದು ಬೇಡವೇ ಬೇಡ. ಒಪ್ಪಂದ ನನ್ನ ಹೆಸರಿನಲ್ಲಿದೆ, ನಿನ್ನ ದುಡ್ಡು ಯಾವ ನಂಬರಿಗೆ ಹೋಗಿ ಬೀಳುತ್ತದೋ, ಮತ್ತೆ ನಾನು ಟವೆಲ್ ಹೊತ್ತುಕೊಂಡು ಹೋಗಬೇಕು. ಆ ದುಡ್ಡಿನಲ್ಲಿ ಜಾರದ ಬೂಟು ತೆಗೆದುಕೋ. ಲಿಫ್ಟಿನ ಗುಂಡಿಗೆ ಇಳಿಯುವಾಗ ಸೊಂಟದ ಬೆಲ್ಟನ್ನು ಎರಡು ಸಲ ಎಳೆದು ನೋಡು. ಮೇಲೆ ಕರೆಂಟು ಆರಿಸಿದ್ದೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡ, ನೀನೇ ಹೋಗಿ ಆರಿಸು. ನಿಮ್ಮ ಮೇಸ್ತ್ರಿ ನಿನ್ನ ಕೆಲಸ ಮೆಚ್ಚಿದ್ದನ್ನು ದೊಡ್ಡಕ್ಕನಿಗೆ ಓದಿ ಹೇಳಿದೆ. "ನೀನು ಬಟ್ಟೆ ಕೆಳಗೆ ಒತ್ತೋಳು, ಮಗಳು ಜನಾನ ಮೇಲಕ್ಕೆ ಎತ್ತೋಳು, ಬಿಡು" ಎಂದಳು. ಕಾಲೇಜು ಬಿಟ್ಟದ್ದಕ್ಕೆ ನನಗೆ ಈಗ ಎಳ್ಳಷ್ಟೂ ಸಿಟ್ಟಿಲ್ಲ. ಕೈಗೆ ಹತ್ತಿದ ಕೆಲಸ ಹಿಡಿದಿದ್ದೀಯ, ಅದರಲ್ಲೇ ಮೇಲೆ ಬಾ. ನಿನ್ನ ಕೈಕಾಲು ಗಟ್ಟಿಯಾಗಿರಲಿ, ನಿನ್ನ ಕೈ ಮುಟ್ಟಿದ ಯಾವ ಲಿಫ್ಟೂ ನಡುವೆ ನಿಲ್ಲದಿರಲಿ. ಅಜ್ಜಿಯ ಆಶೀರ್ವಾದವೂ ಇದರಲ್ಲೇ ಸೇರಿದೆ, ಬೇರೆ ಕಾಗದಕ್ಕೆ ಖರ್ಚು ಬೇಡವಂತೆ.

ಇಂತಿ
ನಿನ್ನ ಅಮ್ಮ

ತಾ. ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಕಿಟಕಿಯವನು ಸೆಪ್ಟೆಂಬರ್ ಎಂದಾಗ ನನಗೆ ನಮ್ಮ ಲಾಂಡ್ರಿಯ ಬಾಯ್ಲರ್ ಕೆಟ್ಟ ವಾರ ನೆನಪಾಯಿತು. ಅದು ನೀನು ಕಾಲೇಜು ಬಿಟ್ಟ ವರ್ಷದ ಸೆಪ್ಟೆಂಬರಿನ ಎರಡನೇ ವಾರವೇ, ಸಂಬಳ ಹಿಡಿದಿದ್ದರಿಂದ ಮರೆತಿಲ್ಲ. ಆ ವಾರ ನಾನು ಮನೆಯಲ್ಲಿದ್ದೆ. ಸಂಜೆ ನಾನು ಗುಂಡಿ ಹೊಲಿಯುತ್ತಿದ್ದರೆ ನೀನು ಹೊಸ್ತಿಲ ಮೇಲೆ ಕೂತು ಪಾಠ ಓದಿ ಹೇಳುತ್ತಿದ್ದೆ. ನಾವು ನೋಡುವುದೆಲ್ಲ ಕಣ್ಣಿನೊಳಗೆ ತಲೆಕೆಳಗಾಗಿ ಬೀಳುತ್ತದೆ ಎಂದು ಓದಿದೆ. "ಹಂಗಾದ್ರೆ ಆಗ ತಾನೇ ಹುಟ್ಟಿದ ಮಗುಗೆ ಅಮ್ಮ ತಲೆಕೆಳಗಾಗಿ ಕಾಣ್ತಾಳಾ?" ಎಂದು ನಾನು ಕೇಳಿದೆ. ನೀನು, "ಗೊತ್ತಿಲ್ಲಮ್ಮ, ನಾಳೆ ಮೇಷ್ಟ್ರನ್ನ ಕೇಳ್ಕೊಂಡು ಬರ್ತೀನಿ" ಎಂದೆ. ಮಾರನೇ ದಿನ ಬಂದವಳು ಚಪ್ಪಲಿ ಕೂಡ ಬಿಡದೆ ಹೇಳಿದೆ, "ಅಮ್ಮ, ಮೇಷ್ಟ್ರು ನಿನ್ನ ಪ್ರಶ್ನೆನ ಇಡೀ ಕ್ಲಾಸಿಗೆ ಓದಿ ಹೇಳಿದ್ರು. ಯಾರು ಕೇಳಿದ್ದು ಅಂದ್ರು, ನಮ್ಮಮ್ಮ ಅಂದೆ."

ನಾನು ಐದನೇ ಕ್ಲಾಸಿಗೆ ಬಿಟ್ಟವಳು, ತಮ್ಮನನ್ನು ಎತ್ತಿಕೊಳ್ಳುವುದಕ್ಕೆ. ಇದ್ದಷ್ಟು ದಿನದಲ್ಲಿ ಒಂದು ಸಲವೂ ಕೈ ಎತ್ತಿ ಕೇಳಿದವಳಲ್ಲ. ನೀನು ಹೇಳಿದ ಆ ಮಾತನ್ನು ಯಾರಿಗೂ ಹೇಳಿಲ್ಲ, ದೊಡ್ಡಕ್ಕನಿಗೂ ಇಲ್ಲ. ಕೆಲಸ ಮಾಡುವಾಗ ಒಬ್ಬಳೇ ನೆನೆಸಿಕೊಳ್ಳುತ್ತಿದ್ದೆ.

ಎರಡು ಕಂತಿನ ಮಾತಲ್ಲ ಇದು, ಅದನ್ನು ನಾನು ಕಟ್ಟಿಕೊಳ್ಳುತ್ತೇನೆ. ಆ ವಾರ ನೀನು ಆ ಕ್ಲಾಸಿನಲ್ಲಿ ಕೂತಿದ್ದೆಯಾ ಇಲ್ಲವಾ, ಆ ತಾರೀಖೊಂದನ್ನು ಇನ್ನೊಂದು ಸಲ ಸರಿಯಾಗಿ ನೋಡಿ ಬರೆ.