ಗೋಣಿತಟ್ಟಿನ ಮೇಲೆ ಹೊರಿಸಿದ ಸೆಕೆ

ಕಾರು ಕಂಪನಿಯ ಸರ್ವಿಸ್ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಕಾರಿನ ಏರ್ ಕಂಡೀಶನ್ ಕೆಟ್ಟು ಹನ್ನೊಂದು ತಿಂಗಳಾಯಿತು. ಅದನ್ನು ಕೆಡಿಸಿದ್ದು ಒಂದು ಗೋಣಿತಟ್ಟು, ಆದ್ದರಿಂದ ಗ್ಯಾರಂಟಿಯಲ್ಲಿ ರಿಪೇರಿ ಸಾಧ್ಯವಿಲ್ಲ ಎಂದು ನಿಮ್ಮ ಕಚೇರಿ ಮೊನ್ನೆ ಪತ್ರ ಬರೆದಿದೆ. ನಾನು ಲಕ್ಷ್ಮೇಶ್ವರದಲ್ಲಿ ಮೂವತ್ತು ವರ್ಷಗಳಿಂದ ಗೋಣಿಚೀಲ ಮಾರುತ್ತಿದ್ದೇನೆ. ಗೋಣಿತಟ್ಟಿಗೆ ಇಷ್ಟು ಶಕ್ತಿಯಿದೆ ಎಂದು ಗೊತ್ತಿದ್ದರೆ ಅಂಗಡಿಯ ಬೋರ್ಡಿನ ಮೇಲೆ ಬರೆಸುತ್ತಿದ್ದೆ.

ಕಾರು ಷೋಕಿಗೆ ಕೊಂಡದ್ದಲ್ಲ. ನನ್ನ ಹೆಂಡತಿ ಸುಗ್ರಾಬಿಗೆ ದಮ್ಮಿನ ರೋಗವಿತ್ತು. ಪ್ರತಿ ಗುರುವಾರ ಗದಗಿನ ಆಸ್ಪತ್ರೆಗೆ ಹೋಗಬೇಕು. ದಾರಿಯ ಧೂಳು ಎದೆಗೆ ಇಳಿಯಬಾರದು, ಕಿಟಕಿ ಏರಿಸಿಯೇ ಕರೆತನ್ನಿ ಎಂದರು ಡಾಕ್ಟರು. ನಮ್ಮ ಬಿಸಿಲಿನಲ್ಲಿ ಕಿಟಕಿ ಏರಿಸಿದ ಕಾರೆಂದರೆ ರೊಟ್ಟಿ ಬೇಯುವ ಹಂಚು. ಅದಕ್ಕೇ ಇದ್ದ ಗೋದಾಮು ಮಾರಿ, ತಣ್ಣನೆಯ ಗಾಳಿ ಬರುವ ಕಾರು ತಂದೆ. ನೆರೆಮನೆಯ ಜಾನಕೀಬಾಯಿಗೂ ಅದೇ ರೋಗ. ಇಬ್ಬರೂ ಹಿಂದಿನ ಸೀಟಿನಲ್ಲಿ ಜೊತೆಯಾಗಿ ಕೂಡುತ್ತಿದ್ದರು.

ನನಗೆ ದಿನಚರಿ ಬರೆಯುವ ಚಟವಿದೆ. ಕಳೆದ ವರ್ಷದ ಜೂನ್ ೪ರಂದು ಬರೆದದ್ದು: ‘ಗಾಳಿ ತಣ್ಣಗಿತ್ತು. ಶಿರಹಟ್ಟಿ ದಾಟುವುದರೊಳಗೆ ಸುಗ್ರಾ ನಿದ್ದೆ ಹೋದಳು.’ ಜೂನ್ ೨೫: ‘ಗಾಳಿ ಬಿಸಿ.’ ಕಾರನ್ನು ಹುಬ್ಬಳ್ಳಿಯ ನಿಮ್ಮ ವರ್ಕ್‌ಶಾಪಿಗೆ ಒಯ್ದೆ. ಗ್ಯಾಸು ತುಂಬಿದರು, ತಂಪಾಯಿತು. ‘ಗ್ರಾಹಕರಿಗೆ ತೃಪ್ತಿಯಾಗಿದೆ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಎರಡು ವಾರಕ್ಕೆ ಮತ್ತೆ ಬಿಸಿ. ಹೀಗೆ ಮೂರು ಸಲ ಗ್ಯಾಸು, ಮೂರು ಸಲ ತೃಪ್ತಿ.

ಸುಗ್ರಾ ನಕ್ಕಳು. “ಇದು ಮಿಷಿನ್ನಲ್ಲ ಬಿಡ್ರಿ, ಹೊಸಾ ಅಳಿಯ. ಕರದು ಉಣಿಸಿದಾಗಷ್ಟ ಎಂಟು ದಿನಾ ಚಂದ ಇರತಾನ.”

“ನಿಮ್ಮ ಅಳಿಯಾರ ಎಂಟು ದಿನಾ ಇದ್ದಾನಬೇ,” ಎಂದರು ಜಾನಕೀಬಾಯಿ. “ನನ್ನ ಅಳಿಯ ಸಂಜಿಮಟಾನೂ ನಿಲ್ಲಲಿಲ್ಲ.”

ತುಂಬಿದ ಗ್ಯಾಸು ಎಲ್ಲಿಗೆ ಹೋಗುತ್ತದೆ ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿಕೊಂಡಿರಾ? ತಳ ತೂತಾದ ಕೊಡಕ್ಕೆ ಮೂರು ಸಲ ನೀರು ತುಂಬಿದ ಮೇಲೆ ನಮ್ಮ ಊರಿನ ಹೆಣ್ಣುಮಕ್ಕಳಾದರೆ ಕೊಡವನ್ನು ತಿರುಗಿಸಿ ನೋಡುತ್ತಾರೆ. ಗದಗಿನ ಮೆಕ್ಯಾನಿಕ್ ಮುರ್ತುಜಾ ಮುಂದಿನ ಪೈಪಿನ ಬೆಸುಗೆಗೆ ಸಾಬೂನಿನ ನೊರೆ ಹಚ್ಚಿದ. ಗುಳ್ಳೆಗಳು ಎದ್ದವು.

“ಇಲ್ಲೇ ಸೋರತೈತ್ರಿ ಚಾಚಾ,” ಎಂದ. “ಆದ್ರ ನಾ ಬಿಚ್ಚಾಕ ಪಾನಾ ಹಚ್ಚಂಗಿಲ್ಲ. ಹೊರಗಿನವ್ರ ಕೈ ಬಿತ್ತಂದ್ರ ನಿಮ್ಮ ಗ್ಯಾರಂಟಿ ಹೊಕ್ಕೈತಿ.”

ಗ್ಯಾರಂಟಿ ಉಳಿಯಲೆಂದು ಸೋರುವ ಪೈಪನ್ನು ಸೋರಲು ಬಿಟ್ಟೆವು. ಕಾಗದಕ್ಕೆ ನಾವು ಕೊಟ್ಟ ಮರ್ಯಾದೆ ಅಷ್ಟು.

ಇನ್ನು ಗೋಣಿತಟ್ಟು. ಅದನ್ನು ಕಟ್ಟಿದ್ದು ಖರೆ. ಅಕ್ಟೋಬರಿನ ಬಿಸಿಲಿನಲ್ಲಿ ಇಬ್ಬರೂ ಹೆಣ್ಣುಮಕ್ಕಳು ಬೆಂದು ಹೋಗುವುದನ್ನು ನೋಡಲಾರದೆ ಡ್ರೈವರ್ ಯಂಕಪ್ಪ, “ನೀರಿನ ಗಡಗಿಗೆ ಹಸೀ ತಟ್ಟು ಸುತ್ತತೀವಲ್ಲರಿ ಸಾಹೇಬ್ರ, ಹಂಗ ಇದಕ್ಕೂ ಸುತ್ತೂಣು” ಎಂದ. ಕಾರಿನ ಮುಂದಿನ ಜಾಳಿಗೆಗೆ ಒದ್ದೆ ತಟ್ಟು ಬಿಗಿದೆವು. ಶಿರಹಟ್ಟಿ ಬರುವಷ್ಟರಲ್ಲಿ ಅದು ಒಣಗಿ, ಗಾಳಿಗೆ ಅಡ್ಡವಾಗಿ, ಇಂಜಿನ್ನೇ ಕುದಿಯಿತು. ತಪ್ಪು ನಮ್ಮದೇ. ಅಂದೇ ಬಿಚ್ಚಿ ಡಿಕ್ಕಿಯಲ್ಲಿ ಹಾಕಿದೆವು. ಡಿಸೆಂಬರಿನ ಒಂದು ಬೆಳಿಗ್ಗೆ, ಚಳಿಗೆ ಮಫ್ಲರ್ ಸುತ್ತಿಕೊಂಡು ಬಂದ ನಿಮ್ಮ ಇನ್ಸ್‌ಪೆಕ್ಟರು ಎಂಟು ಗಂಟೆಗೆ ಕಾರಿನಲ್ಲಿ ಕುಳಿತು, “ತಂಪೈತಲ್ರೀ” ಎಂದರು. ಕಾರಿನ ಹೊರಗೂ ಅಷ್ಟೇ ತಂಪಿತ್ತು. ಆಮೇಲೆ ಡಿಕ್ಕಿಯಲ್ಲಿ ತಟ್ಟನ್ನು ಕಂಡು, ಕಳ್ಳಮಾಲು ಸಿಕ್ಕವರಂತೆ ಬರೆದುಕೊಂಡು ಹೋದರು. ಜೂನಿನಲ್ಲಿ ಕೆಟ್ಟ ಯಂತ್ರವನ್ನು ಅಕ್ಟೋಬರಿನ ತಟ್ಟು ಹೇಗೆ ಕೆಡಿಸಿತು ಸ್ವಾಮಿ?

ಮಾರ್ಚ್ ೩ರ ದಿನಚರಿ: ‘ಸೆಕೆ ತಡೆಯಲಾಗದೆ ಸುಗ್ರಾ ಕಿಟಕಿ ಇಳಿಸಿರಿ ಎಂದಳು. ಇಳಿಸಿದೆ. ಮುಂದೆ ಹತ್ತಿಯ ಲಾರಿ ಇತ್ತು. ಧೂಳು.’ ಹತ್ತು ದಿನಕ್ಕೆ ಅವಳು ತೀರಿಕೊಂಡಳು. ನಿಮ್ಮ ಯಂತ್ರದಿಂದ ಸತ್ತಳೆಂದು ನಾನು ಹೇಳುತ್ತಿಲ್ಲ, ಡಾಕ್ಟರೂ ಹೇಳಿಲ್ಲ. ಕಿಟಕಿ ಇಳಿಸಿದ ಕೈ ನನ್ನದು. ಅದನ್ನು ಯಾವ ಗ್ಯಾರಂಟಿಯಲ್ಲೂ ಸರಿಪಡಿಸಲು ಬರುವುದಿಲ್ಲ.

ಆದರೆ ಜಾನಕೀಬಾಯಿ ಇದ್ದಾರೆ. ಈಗಲೂ ಪ್ರತಿ ಗುರುವಾರ ಅದೇ ಕಾರಿನಲ್ಲಿ, ಕಿಟಕಿ ಏರಿಸಿಕೊಂಡು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಹೋಗುತ್ತಾರೆ. ಗ್ಯಾರಂಟಿ ಇದೇ ೩೧ಕ್ಕೆ ಮುಗಿಯುತ್ತದೆ. ಆ ಪೈಪನ್ನು ಅಷ್ಟರೊಳಗೆ ಬದಲಿಸಿರಿ. ಗ್ಯಾಸು ಬೇಡ, ಪೈಪು.

ನಂಬಿಕೆಯಿಲ್ಲದಿದ್ದರೆ ೨೬ನೆಯ ತಾರೀಖು ಗುರುವಾರ ತಾವೇ ಬನ್ನಿರಿ. ಬೆಳಿಗ್ಗೆ ಎಂಟಕ್ಕಲ್ಲ, ನಡು ಮಧ್ಯಾಹ್ನ ಹನ್ನೆರಡಕ್ಕೆ. ಗದಗಿನ ತನಕ ಕಿಟಕಿ ಏರಿಸಿಕೊಂಡು ಹೋಗೋಣ. ದಾರಿಯಲ್ಲಿ ತಮಗೆ ತಂಪೆನಿಸಿದರೆ ನಾಲ್ಕನೆಯ ಸಲವೂ ತೃಪ್ತಿಯ ಕಾಗದಕ್ಕೆ ಸಹಿ ಮಾಡುತ್ತೇನೆ. ನಾನು ಯಂಕಪ್ಪನ ಪಕ್ಕ ಮುಂದೆ ಕೂಡುತ್ತೇನೆ. ಹಿಂದೆ ಜಾನಕೀಬಾಯಿಯ ಎಡಗಡೆ ಜಾಗ ನಿಮಗೆ. ಅದು ಈಗ ಖಾಲಿಯೇ ಇದೆ.

ಇಂತಿ,
ತಮ್ಮ ಕಡತದಲ್ಲಿ ಮೂರು ಸಲ ತೃಪ್ತನಾದ
ದಸ್ತಗೀರಸಾಬ, ಗೋಣಿಚೀಲದ ವ್ಯಾಪಾರಿ
ಲಕ್ಷ್ಮೇಶ್ವರ, ೧೯ ಮೇ ೧೯೮೮