ಸೋಮವಾರ, ಗುರುವಾರದ ಓದುಗರು

ರಾಣೇಬೆನ್ನೂರು
೧೧ ಫೆಬ್ರವರಿ ೨೦೨೫, ಮಂಗಳವಾರ

ಬ್ಯಾಡಗಿಯ ಮೈಲೇಶ ಅವರಿಗೆ,

ಗಂಗಾಳ ನಮಸ್ಕಾರ. ಹೆಸರು ಹಿಡಿದು ಕರೆದದ್ದಕ್ಕೆ ಬೇಜಾರಾಗಬೇಡಿ. ಬೇರೆ ಏನೆಂದು ಬರೆಯಲಿ ಎಂದು ಯೋಚಿಸುತ್ತ ಒಂದು ಹಾಳೆ ಹರಿದೆ, ಇನ್ನೊಂದನ್ನು ಹಾಳು ಮಾಡಲು ಮನಸ್ಸಾಗಲಿಲ್ಲ. ನಾನು ಇಲ್ಲಿ ಆರಾಮ ಇದ್ದೇನೆ. ನೀವು ಆರಾಮ ಇದ್ದೀರೋ ಇಲ್ಲವೋ ಎಂದು ಕೇಳುವ ಅಗತ್ಯವೇ ಇಲ್ಲ, ವಾರಕ್ಕೆರಡು ಸಲ ನಿಮ್ಮ ಕ್ಷೇಮಸಮಾಚಾರ ನನಗೆ ತಲುಪುತ್ತಿದೆ. ಅದು ಹೇಗೆ ಎಂದು ಹೇಳಲೆಂದೇ, ಬೇರೆಯಾಗಿ ಎರಡು ವರ್ಷವಾಗುತ್ತ ಬಂದಾಗ, ಈ ಪತ್ರ ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಆತು ಬಿಡು, ನಾ ನೋಡ್ಕೋತೀನಿ" ಎಂದು ಅರ್ಧಕ್ಕೇ ಮಾತು ಮುಗಿಸುತ್ತೀರಿ. ನೀವು ನೋಡಿಕೊಂಡಾಗಲೆಲ್ಲ ಏನಾಗಿದೆ ಎಂದು ಇಬ್ಬರಿಗೂ ಗೊತ್ತಿದೆ. ಪತ್ರವನ್ನಾದರೆ ಕೊನೆತನಕ ಓದಬೇಕಾಗುತ್ತದೆ. ಇದನ್ನು ತರುವವಳು ಸಿಮ್ರಾನ, ನಿಮ್ಮ ಮಾರುಕಟ್ಟೆಯ ಹಮಾಲ ಕಾಸೀಮಸಾಬರ ಮಗಳು. ನಾನು ಗ್ರಂಥಪಾಲಕಿಯಾಗಿರುವ ಕಾಲೇಜಿನಲ್ಲೇ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಳೆ. ನೀವು ಓದಿ ಮುಗಿಸುವವರೆಗೆ ನಿಮ್ಮ ಸಾಹುಕಾರರ ದಲಾಲಿ ಅಂಗಡಿಯ ಮುಂದಿನಿಂದ ಕದಲಬೇಡ ಎಂದು ಹೇಳಿ ಕಳಿಸಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಕಳೆದ ಸೆಪ್ಟೆಂಬರಿನಲ್ಲಿ ನನ್ನದೊಂದು ಲೇಖನ ಪ್ರಕಟವಾಯಿತು. ಗ್ರಂಥಾಲಯ ವಿಜ್ಞಾನಕ್ಕೇ ಮೀಸಲಾದ ಕನ್ನಡ ಸಂಶೋಧನಾ ಪತ್ರಿಕೆ, ಅಂತರ್ಜಾಲದಲ್ಲಿ ಬರುತ್ತದೆ, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಹಳ್ಳಿಯ ಗ್ರಂಥಾಲಯಕ್ಕೆ ಯಾರು ಬರುತ್ತಾರೆ ಎಂದು ಬಹಳ ಜನ ಬರೆದಿದ್ದಾರೆ. ಯಾರು ಬರುವುದಿಲ್ಲ, ಯಾಕೆ ಬರುವುದಿಲ್ಲ ಎಂದು ನಾನು ಬರೆದೆ. ಹಲಗೇರಿ, ಮೇಡ್ಲೇರಿಗಳ ಮನೆಮನೆ ತಿರುಗಿ, ನನ್ನ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದು ಬರೆದದ್ದು. ಇನ್ನೊಬ್ಬರ ಒಂದು ಸಾಲನ್ನೂ ಎತ್ತಿಕೊಂಡಿಲ್ಲ. ಲೇಖನದ ಕೆಳಗೆ ಎಷ್ಟು ಸಲ ಓದಲಾಗಿದೆ ಎಂಬ ಎಣಿಕೆ ಕಾಣಿಸುತ್ತದೆ. ಮೊದಲ ಮೂರು ತಿಂಗಳು ಅದು ಹನ್ನೊಂದರಲ್ಲೇ ಕುಂತಿತ್ತು. ಅದರಲ್ಲಿ ಒಬ್ಬಳು ನಾನೇ. ಇನ್ನೊಬ್ಬಳು ಹಾವೇರಿಯ ಅವ್ವ, ನನ್ನ ಫೋಟೋ ಹಾಕಿದ್ದಾರೇನೋ ಎಂದು ತೆಗೆದು ನೋಡಿದ್ದಳು.

ಹೊಸ ವರ್ಷಕ್ಕೆ ಎಣಿಕೆ ಏರತೊಡಗಿತು. ನೂರಾಯಿತು, ಮುನ್ನೂರಾಯಿತು, ಜನವರಿ ಮುಗಿಯುವುದರೊಳಗೆ ಆ ಪತ್ರಿಕೆಯಲ್ಲೇ ಅತಿ ಹೆಚ್ಚು ಓದಿದ ಲೇಖನ ನನ್ನದಾಯಿತು. ಪ್ರಾಚಾರ್ಯರು ಸಿಬ್ಬಂದಿ ಸಭೆಯಲ್ಲಿ ಶಾಲು ಹೊದಿಸಿದರು. ಸುಳ್ಳು ಯಾಕೆ ಹೇಳಲಿ, ಆ ವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಗ್ಗರಣೆ ಹಾಕುವಾಗಲೂ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಎಣಿಕೆ ನೋಡುತ್ತಿದ್ದೆ. ಒಂದು ದಿನ ಬೆಳ್ಳುಳ್ಳಿ ಸೀದೇ ಹೋಯಿತು.

ಶಾಲು ಪೆಟ್ಟಿಗೆ ಸೇರುವ ಮೊದಲೇ ಸಂಪಾದಕರ ಪತ್ರ ಬಂತು. ಈ ಓದು ಸಹಜವಲ್ಲ, ಯಾರೋ ಬೇಕೆಂದೇ ಎಣಿಕೆ ಹೆಚ್ಚಿಸಿದ್ದಾರೆ, ಬಹುಶಃ ಯಂತ್ರ ಬಳಸಿದ್ದಾರೆ, ಹದಿನೈದು ದಿನದಲ್ಲಿ ವಿವರಣೆ ಕೊಡದಿದ್ದರೆ ಲೇಖನವನ್ನು ಹಿಂತೆಗೆಯಬೇಕಾಗುತ್ತದೆ ಎಂದು. ಹಿಂತೆಗೆಯುವುದೆಂದರೆ ಸುಮ್ಮನೆ ಅಳಿಸಿ ಹಾಕುವುದಲ್ಲ. ಲೇಖನ ಅಲ್ಲೇ ಇರುತ್ತದೆ. ಅದರ ಮೇಲೆ ಅಡ್ಡಲಾಗಿ ಕೆಂಪು ಅಕ್ಷರದಲ್ಲಿ 'ಹಿಂತೆಗೆಯಲಾಗಿದೆ' ಎಂದು ಹಾಕುತ್ತಾರೆ, ಪಕ್ಕದಲ್ಲೇ ನನ್ನ ಹೆಸರು. ಮುಂದೆ ಯಾರು ನನ್ನ ಹೆಸರು ಹುಡುಕಿದರೂ ಮೊದಲು ಕಾಣುವುದು ಅದೇ. ಪ್ರತಿವರ್ಷ ಹೊಸ ಹುಡುಗರನ್ನು ಕೂರಿಸಿಕೊಂಡು ಕೃತಿಚೌರ್ಯ ಎಂದರೇನು, ಖೊಟ್ಟಿ ಪತ್ರಿಕೆಗಳನ್ನು ಗುರುತಿಸುವುದು ಹೇಗೆ ಎಂದು ಪಾಠ ಹೇಳುವವಳು ನಾನು. ಇನ್ನು ಯಾವ ಮುಖ ಇಟ್ಟುಕೊಂಡು ಹೇಳಲಿ?

ಪತ್ರದ ಜೊತೆ ಒಂದು ನಕ್ಷೆ ಇತ್ತು, ಯಾವ ದಿನ ಎಷ್ಟು ಓದು ಎಂದು ತೋರಿಸುವಂಥದ್ದು. ವಾರದಲ್ಲಿ ಐದು ದಿನ ಗೆರೆ ನೆಲಕ್ಕೆ ಅಂಟಿಕೊಂಡೇ ಇದೆ. ಎರಡು ದಿನ ಮಾತ್ರ ಗುಡ್ಡದ ಹಾಗೆ ಏಳುತ್ತದೆ, ಸೋಮವಾರ ಮತ್ತು ಗುರುವಾರ, ಅದೂ ಮಧ್ಯಾಹ್ನ. ಇದು ಯಂತ್ರದ ಲಕ್ಷಣ ಎಂದು ಸಂಪಾದಕರು ಬರೆದಿದ್ದರು. ಪಾಪ, ಅವರು ಬ್ಯಾಡಗಿಯಲ್ಲಿ ಸಂಸಾರ ಮಾಡಿದವರಲ್ಲ. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಖರೀದಿದಾರರು ಟೆಂಡರ್ ಹಾಕಿದ ಮೇಲೆ ದರ ಗೊತ್ತಾಗುವ ತನಕ ಯಾರಿಗೂ ಕೆಲಸವಿರುವುದಿಲ್ಲ. ದಲಾಲಿ ಅಂಗಡಿಗಳ ಗುಮಾಸ್ತರು, ಹಮಾಲರು, ರೈತರು ಎಲ್ಲ ಚೀಲಗಳ ಮೇಲೆ ಕುಂತು ಮೊಬೈಲ್ ತಿಕ್ಕುತ್ತಾರೆ. ಆ ಹೊತ್ತಿಗೇ ಅಲ್ಲವೇ ನೀವು ಊಟಕ್ಕೆ ಬಂದು, ಒಂದು ಕಣ್ಣು ಗಡಿಯಾರದ ಮೇಲಿಟ್ಟು ರೊಟ್ಟಿ ಮುರಿಯುತ್ತಿದ್ದದ್ದು? ಗ್ರಂಥಾಲಯದಲ್ಲಿ ಕುಳಿತು ಗಟ್ಟಿಯಾಗಿ ನಕ್ಕುಬಿಟ್ಟೆ. 'ನಿಶ್ಶಬ್ದ' ಎಂದು ಬೋರ್ಡು ಬರೆಸಿದವಳೇ ನಕ್ಕಿದ್ದಕ್ಕೆ ಹುಡುಗರು ತಲೆಯೆತ್ತಿ ನೋಡಿದರು. ಆಮೇಲೆ ಸಿಟ್ಟು ಬಂತು. ಬಂದದ್ದು ಲಗೂ ಇಳಿಯಲಿಲ್ಲ.

ಸಿಮ್ರಾನಳನ್ನು ಕರೆದು ಕೇಳಿದೆ. ಮೊದಲು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು. ಆಮೇಲೆ ಹೇಳಿದಳು: "ಮೈಲೇಶಣ್ಣಾರು ಟೆಂಡರ್ ಮುಗದಕೂಡ್ಲೆ ಎಲ್ಲಾರ ಮೊಬೈಲ್ ಇಸ್ಕೊಂಡು ನಿಮ್ಮ ಲೇಖನ ತಗದು ಕೊಡ್ತಾರಂತ್ರಿ ಮೇಡಂ. ಓದೂದೇನ್ ಬ್ಯಾಡ, ತಗದು ಕೆಳಗಿನ ತನಕ ಸರಿಸ್ರಿ, ಅಷ್ಟಾದ್ರ ಸಾಕು ಅಂತಾರಂತ."

ಓದುವುದೇನೂ ಬೇಡ ಎಂಬ ಆ ಮಾತು ಕೇಳಿ ನನಗೆ ಎರಡು ವರ್ಷದ ಹಿಂದಿನ ಯುಗಾದಿ ನೆನಪಾಯಿತು. ಪಿಎಚ್.ಡಿ.ಗೆ ಅರ್ಜಿ ಹಾಕಲು ನಾನು ಟಿಪ್ಪಣಿ ಮಾಡಿಕೊಳ್ಳುತ್ತ ಕುಳಿತಿದ್ದಾಗ, ಹುಬ್ಬಳ್ಳಿಯಲ್ಲಿ ಯಾರಿಂದಲೋ ಸಂಶೋಧನೆಯ ಪ್ರಸ್ತಾವವನ್ನೇ ಬರೆಸಿ, ರಟ್ಟು ಹಾಕಿಸಿ ತಂದು ನನ್ನ ಮುಂದಿಟ್ಟಿರಿ. ಮೂರನೇ ಪುಟದಲ್ಲಿ ಬೇರೆ ಯಾವುದೋ ಜಿಲ್ಲೆಯ ಹೆಸರು ಅಳಿಸದೆ ಹಾಗೇ ಉಳಿದಿತ್ತು. ಯಾರ ಮಗಳು ಎಷ್ಟು ಕಷ್ಟಪಟ್ಟು ಬರೆದದ್ದೋ. "ನನಗ ಬರಿಯಾಕ ಬರೂದಿಲ್ಲಂತ ತಿಳ್ಕೊಂಡೀರೇನು" ಎಂದು ಕೇಳಿದೆ. "ನಿನಗ ತ್ರಾಸ ಆಗಬಾರದಂತ ತಂದೇನಿ" ಎಂದಿರಿ. ನಮ್ಮ ಜಗಳ ಅಷ್ಟೇ. ಅವ್ವ ಇವತ್ತಿಗೂ "ಇಷ್ಟಕ್ಕ ಯಾರರ ಮನಿ ಬಿಡ್ತಾರೇನು" ಎನ್ನುತ್ತಾಳೆ. ನನ್ನನ್ನು ಒಂದು ಮಾತೂ ಕೇಳದೆ ನನ್ನ ಕೆಲಸ ಮಾಡಿ ಮುಗಿಸುವವರ ಮನೆಯಲ್ಲಿ ನಾನು ಏನಾಗಿ ಇರಬೇಕು ಎಂಬುದೇ ನನ್ನ ಸಂಕಟವಾಗಿತ್ತು. ಅದನ್ನು ಅವ್ವನಿಗೆ ತಿಳಿಸಿ ಹೇಳಲು ಬರಲಿಲ್ಲ. ನಿಮಗೂ ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ನಮ್ಮಲ್ಲಿ ವಾಣಿಜ್ಯ ವಿಭಾಗದ ಚೇತನಕುಮಾರ ಅಂತ ಇದ್ದಾರೆ. ಲೇಖನಗಳ ಸಂಖ್ಯೆಯಲ್ಲಿ ಕಾಲೇಜಿಗೇ ಮುಂದು. ಅವರೂ ಅವರ ಗೆಳೆಯರೂ ಮದುವೆಯಲ್ಲಿ ಆಯೇರದ ಉಡುಗೊರೆ ಕೊಟ್ಟು ತಿರುಗಿ ಪಡೆದ ಹಾಗೆ ಒಬ್ಬರ ಲೇಖನವನ್ನು ಒಬ್ಬರು ಉಲ್ಲೇಖಿಸಿ ಎಲ್ಲರ ಉಲ್ಲೇಖದ ಲೆಕ್ಕವನ್ನೂ ದಪ್ಪ ಮಾಡಿಕೊಂಡಿದ್ದಾರೆ. ಅವರ ಸಲಹೆ ಸುಲಭವಿತ್ತು: "ನನಗೇನೂ ಗೊತ್ತಿಲ್ಲಂತ ಒಂದ್ ಸಾಲು ಬರದು ಕೈ ತೊಳಕೊಳ್ರಿ. ಯಂತ್ರದ ಮ್ಯಾಲೆ ಹಾಕಿಬಿಡ್ರಿ." ಅದು ನಡೆಯುತ್ತಿತ್ತು ಕೂಡ. ಸಂಪಾದಕರಿಗೆ ಫೋನ್ ಮಾಡಿ ವಿಚಾರಿಸಿದ್ದೇನೆ. ಹೊರಗಿನವರು ಮಾಡಿದ್ದಾದರೆ ಎಣಿಕೆಯನ್ನು ಸೊನ್ನೆಗೆ ತಂದು ಲೇಖನ ಉಳಿಸುತ್ತಾರಂತೆ. ಲೇಖಕರ ಕುಟುಂಬದವರು ಮಾಡಿದ್ದಾದರೆ ಲೇಖಕರಿಗೆ ಗೊತ್ತಿತ್ತೋ ಇಲ್ಲವೋ ಎಂದು ಸಮಿತಿ ಕುಳಿತು ತೀರ್ಮಾನಿಸುತ್ತದಂತೆ. ನಂಬಿದರೆ ಉಳಿಯಿತು, ನಂಬದಿದ್ದರೆ ಕೆಂಪು ಅಕ್ಷರ. 'ನನಗೇನೂ ಗೊತ್ತಿಲ್ಲ' ಎಂದು ಬರೆಯಲು ಕುಳಿತೆ. ಮನಸ್ಸು ಒಪ್ಪಲಿಲ್ಲ.

ಸಿಮ್ರಾನ ಇನ್ನೊಂದು ಸಂಗತಿಯನ್ನೂ ಹೇಳಿದಳು. ಒಂದು ಗುರುವಾರ ಅವಳ ಅಬ್ಬಾ ನಿಮ್ಮ ಮಾತು ಕೇಳಲಿಲ್ಲವಂತೆ. "ತಗದ ಮ್ಯಾಲೆ ಓದದ ಹೆಂಗ ಬಿಡೂದ್ರಿ ಗುಮಾಸ್ತರ? ಸಣ್ಣ ಅಕ್ಷರ ನನಗ ಕಾಣೂದಿಲ್ಲ, ನೀವ ಓದ್ರಿ" ಎಂದರಂತೆ. ನೀವು ಚೀಲದ ಮೇಲೆ ಕುಂತು ಗಟ್ಟಿಯಾಗಿ ಓದಿದಿರಂತೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಕೈ ನಿಲ್ಲಿಸದೆ, ಘಾಟಿಗೆ ಕೆಮ್ಮುತ್ತ ಕೇಳಿದರಂತೆ. ದರ ಘೋಷಣೆಯಾದರೂ ಸಾಹುಕಾರರು ಕೂಗಿ ಕರೆಯುವ ತನಕ ನೀವು ಏಳಲಿಲ್ಲವಂತೆ. ಆ ಹೆಂಗಸರಲ್ಲಿ ಹಲಗೇರಿಯ ಗದಿಗೆವ್ವ ಇದ್ದಳು. ಲೇಖನದಲ್ಲಿ ಶಾಂತವ್ವ ಎಂಬವಳು ಹೇಳುತ್ತಾಳಲ್ಲ, "ನಾವು ಊರು ಮುಟ್ಟೂದ್ರಾಗ ಗ್ರಂಥಾಲಯಕ್ಕ ಕೀಲಿ ಬಿದ್ದಿರತೈತಿ, ಕೀಲಿ ನೋಡಾಕ ಯಾರು ಹೊಕ್ಕಾರ" ಎಂದು. ಅದನ್ನು ಕೇಳಿದ್ದೇ ಗದಿಗೆವ್ವ ಬುಟ್ಟಿ ಸರಿಸಿ ಎದ್ದು ನಿಂತಳಂತೆ. "ಈ ಮಾತು ನಂದು. ಈ ಶಾಂತವ್ವ ಯಾರು?"

ಸಂಶೋಧನೆಯಲ್ಲಿ ಮಾಹಿತಿ ಕೊಟ್ಟವರ ಹೆಸರು ಬದಲಿಸುವುದು ರೂಢಿ, ಅವರಿಗೆ ತೊಂದರೆಯಾಗದಿರಲಿ ಎಂದು. ನಾನೂ ಬದಲಿಸಿದ್ದೆ. ಅವಳನ್ನು ಮಾತ್ರ ಕೇಳಿರಲಿಲ್ಲ. ಮೊನ್ನೆ ಭಾನುವಾರ ಹಲಗೇರಿಗೆ ಹೋಗಿ ಗದಿಗೆವ್ವನ ಮನೆಯ ಕಟ್ಟೆಯ ಮೇಲೆ ಕುಳಿತೆ. "ನಿನಗ ತ್ರಾಸ ಆಗಬಾರದಂತ ಹೆಸರು ಬದಲಿ ಮಾಡೇನಿ" ಎಂದು ಹೇಳುತ್ತಿದ್ದಾಗಲೇ ನನಗೆ ಆ ಮಾತಿನ ಗುರುತು ಹತ್ತಿತು. ಆ ಮಾತನ್ನು ನನಗೆ ಮೊದಲು ಹೇಳಿದವರು ಯಾರು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಗದಿಗೆವ್ವ ಸಿಟ್ಟಾಗಲಿಲ್ಲ. "ಒಂದ್ ಮಾತು ಕೇಳಿದ್ರ ಆಗ್ತಿತ್ತಲ್ರಿ ಅಕ್ಕಾರ" ಎಂದಳು, ಚಹಾ ಕೊಟ್ಟಳು. ತನ್ನ ಹೆಸರು, ಮನೆತನದ ಅಡ್ಡಹೆಸರು ಎರಡೂ ಹಾಕಬೇಕಂತೆ. ತೊಟ್ಟು ಬಿಡಿಸುವ ಹೆಂಗಸರೆಲ್ಲ ಸೇರಿ, ಸಂಜೆ ಹೊತ್ತು ಗ್ರಂಥಾಲಯ ತೆರೆದಿಡಿ ಎಂದು ಪಂಚಾಯ್ತಿಯವರನ್ನು ಕೇಳಲು ಹೊರಟಿದ್ದಾರೆ. ಆ ಲೇಖನವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು, ಅದರಲ್ಲಿ ತನ್ನ ಹೆಸರು ಇರಬೇಕು ಎಂಬುದು ಅವಳ ಹಟ. ತಿದ್ದುಪಡಿಗೆ ಅಂದೇ ಬರೆದೆ. ಕೆಂಪು ಅಕ್ಷರ ಬಿದ್ದ ಹಾಳೆಯನ್ನು ಹಿಡಿದು ಅವಳು ಹೋಗುವಂತಾದರೆ ನನಗೆ ಸಹಿಸಲಾಗುವುದಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ನಿಮ್ಮ ಮೇಲಿನ ಸಿಟ್ಟು ಎಷ್ಟಿದೆ ಎಂದು ನೋಡಿಕೊಂಡೆ. ಇತ್ತು, ಮೊದಲಿನಷ್ಟು ಇರಲಿಲ್ಲ. ನೀವು ಮಾಡಿದ್ದು ತಪ್ಪೇ. ಓದದವರನ್ನು ಓದಿದವರೆಂದು ತೋರಿಸುವುದು ಮೋಸ, ಪ್ರೀತಿಯಿಂದ ಮಾಡಿದರೂ ಮೋಸವೇ. ಆದರೆ ಆ ಗುರುವಾರದ ಓದು ಖರೇ ಓದು. ತಮಾಷೆ ನೋಡಿ, ಅಷ್ಟು ಜನ ಕೂತು ಕೇಳಿದ್ದು ಎಣಿಕೆಯಲ್ಲಿ ಒಂದೇ ಒಂದು ಎಂದು ದಾಖಲಾಗಿರುತ್ತದೆ. ಯಾರೂ ಓದದ ನೂರಾರು ಮಾತ್ರ ನೂರಾರಾಗಿಯೇ ಕುಂತಿವೆ. ಖರೇ ಯಾವುದು, ಖೊಟ್ಟಿ ಯಾವುದು ಎಂದು ಇಷ್ಟು ವರ್ಷ ಪಾಠ ಹೇಳಿದವಳಿಗೆ ಅದು ಈಗ ತಿಳಿಯಿತು. ಮತ್ತೆ, ನೀವು ನನ್ನ ಬರಹವೊಂದನ್ನು ಕೊನೆತನಕ ಓದಿದಿರಿ ಎಂದು ನನಗೆ ಬಹಳ ಸಂತೋಷವಾಯಿತು. ಇದನ್ನು ಹೇಳಬಾರದು ಎಂದುಕೊಂಡಿದ್ದೆ.

ಈಗ ಕೇಳಬೇಕಾದದ್ದು. ನಡೆದದ್ದನ್ನೆಲ್ಲ ನಡೆದ ಹಾಗೆಯೇ ಸಂಪಾದಕರಿಗೆ ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಅದರಲ್ಲಿ ನಿಮ್ಮ ಹೆಸರು ಹಾಕಬೇಕು. ಆ ವಿವರಣೆ ಲೇಖನದ ಕೆಳಗೆ ಪ್ರಕಟವಾಗುತ್ತದೆ, ಮಾರುಕಟ್ಟೆಯವರೂ ಓದಬಹುದು, ನಿಮ್ಮ ಸಾಹುಕಾರರೂ ಓದಬಹುದು. ನಿಮ್ಮನ್ನು ಕೇಳದೆ ಹಾಕಲಾರೆ. ಹಾಕಲೇ? ಬೇಡವೆಂದರೆ ಹೆಸರಿಲ್ಲದೆಯೇ ಕಳಿಸುತ್ತೇನೆ, ಆಮೇಲೆ ಆದದ್ದಾಗಲಿ. ಶನಿವಾರ ಕೊನೆಯ ದಿನ. ಈ ಒಂದು ಸಲ ನೀವಾಗಿ ಏನೂ ಮಾಡಲು ಹೋಗಬೇಡಿ. ಸಂಪಾದಕರಿಗೆ ಫೋನ್ ಮಾಡಬೇಡಿ, ಅವರ ಮನೆಗೆ ಡಬ್ಬಿ ಮೆಣಸಿನಕಾಯಿ ಕಳಿಸಬೇಡಿ. ಹೌದೋ ಅಲ್ಲವೋ, ಅಷ್ಟು ಹೇಳಿದರೆ ಸಾಕು.

ನಾಡಿದ್ದು ಗುರುವಾರ. ಯಾರ ಮೊಬೈಲನ್ನೂ ಇಸಿದುಕೊಳ್ಳಬೇಡಿ. ಓದಿ ಹೇಳಿ ಎಂದು ಯಾರಾದರೂ ತಾವಾಗಿ ಕೇಳಿದರೆ ಓದಿ ಹೇಳಿ.

ಇಷ್ಟು ಬರೆದು ಮುಗಿಸುವ,
ಗಂಗಾ

ತಾ.ಕ.: ಹೆಸರಿನ ಜೊತೆಗೆ, ಆ ವ್ಯಕ್ತಿ ಲೇಖಕಿಗೆ ಏನಾಗಬೇಕು ಎಂಬುದನ್ನೂ ಬರೆಯಬೇಕಂತೆ. ಚೇತನಕುಮಾರ ಇಣುಕಿ ನೋಡಿ, "ಎರಡ್ ವರ್ಷದಿಂದ ಬ್ಯಾರೇನ ಅದೀರಲ್ರಿ, ಪರಿಚಯದವ್ರು ಅಂತ ಹಾಕ್ರಿ, ಸಮಿತಿ ತಂಟೇನ ಇರೂದಿಲ್ಲ" ಎಂದರು. ಹಾಗೆ ಹಾಕಿದರೆ ಲೇಖನ ಉಳಿಯುವುದು ಖಂಡಿತ. ನಾನು 'ಪತಿ' ಎಂದು ಬರೆದಿದ್ದೇನೆ. ಹೆಸರಿನ ಒಪ್ಪಿಗೆಯನ್ನು ಸಿಮ್ರಾನಳ ಕೈಯಲ್ಲಿ ಹೇಳಿ ಕಳಿಸಿದರೂ ನಡೆಯುತ್ತದೆ. ಈ ಒಂದು ಶಬ್ದಕ್ಕೆ ಹೌದೋ ಅಲ್ಲವೋ ಎಂದು ನೀವೇ ಬಂದು ಹೇಳಬೇಕು.